ಕೈ ಕಟ್ಟಿಸಿಕೊಂಡ ಒಲೆಬಾಯಿ ಅಕ್ಕ

ಬಿಸ್ಕತ್ ಫ್ಯಾಕ್ಟರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮ್ಯಾನೇಜರ್‌ನಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರಿಗೂ ಅವಳು ಒಲೆಬಾಯಿ ಅಕ್ಕ. ಆ ಉದ್ದನೆಯ ಒಲೆಯ ಬಾಯಿಂದ ಬೆಲ್ಟಿನ ಮೇಲೆ ಸಾಲುಸಾಲಾಗಿ ಹೊರಗೆ ಬರುತ್ತವಲ್ಲ ಬಿಸ್ಕತ್ತುಗಳು, ಅವನ್ನು ಮೊದಲು ನೋಡುವ ಕಣ್ಣು ಅವಳದು. ಸೀದದ್ದು, ಬೇಯದ್ದು, ಮುರಿದದ್ದು ಯಾವುದೂ ಅವಳನ್ನು ದಾಟಿ ಮುಂದಕ್ಕೆ ಹೋಗುವ ಹಾಗಿಲ್ಲ. ನಡುನಡುವೆ ಒಂದನ್ನು ತೆಗೆದು, ಅದರ ಬೆನ್ನು ತಿರುಗಿಸಿ ಬಣ್ಣ ನೋಡುತ್ತಾಳೆ, ಪಟ್ ಅಂತ ಮುರಿಯುತ್ತಾಳೆ. ಉರಿ ಜಾಸ್ತಿಯಾಗಿದ್ದರೆ ಕೈ ಮೇಲೆತ್ತುತ್ತಾಳೆ. ಆ ಗಲಾಟೆಯಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಆ ತುದಿಯಲ್ಲಿ ನಿಂತ ಒಲೆಯವನು ಕೈ ನೋಡಿ ಉರಿ ಇಳಿಸುತ್ತಾನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.

ಕೆಲಸ ಇದೆ, ಜನ ಇಲ್ಲ. ಮೂರು ಬೆಲ್ಟುಗಳಲ್ಲಿ ಎರಡಕ್ಕೆ ಪ್ಲಾಸ್ಟಿಕ್ ಹೊದಿಸಿ ಮಲಗಿಸಿಬಿಟ್ಟಿದ್ದಾರೆ. ಗೇಟಿಗೆ ನೇತು ಹಾಕಿದ "ಕೆಲಸಗಾರರು ಬೇಕಾಗಿದ್ದಾರೆ" ಬೋರ್ಡಿಗೆ ಬಿಸಿಲು ಬಡಿದು ಅಕ್ಷರ ಮಾಸಿ, ಈಗ ಎರಡನೇ ಸಲ ಬಣ್ಣ ಬಳಿದಿದ್ದಾರೆ. ಆಫೀಸಿನ ಗುಮಾಸ್ತೆ ಮಧ್ಯಾಹ್ನದ ಮೇಲೆ ಬಂದು ಲೇಬಲ್ ಅಂಟಿಸುತ್ತಾಳೆ. ಸೂಪರ್‌ವೈಸರ್ ತಾನೇ ತಲೆಗೆ ಟೋಪಿ ಹಾಕಿಕೊಂಡು ಡಬ್ಬ ಮುಚ್ಚುತ್ತಾನೆ. ಹೊಸಬರು ಬರುವುದೇನೋ ಬರುತ್ತಾರೆ. ಒಲೆಬಾಯಿಗೆ ಒಂದೇ ವರ್ಷದಲ್ಲಿ ಹನ್ನೊಂದು ಜನ ಬಂದರು. "ನಾಳೆ ಬರ್ತೀನಿ ಅಕ್ಕ" ಅಂತ ಹೋದವರ ನಾಳೆ ಇನ್ನೂ ಬಂದಿಲ್ಲ. ಈಗಿನವರಿಗೆ ಮೈ ಬಗ್ಗಲ್ಲ, ಪಾರ್ಸೆಲ್ ಹಂಚೋಕೆ ಸ್ಕೂಟರ್ ಸಿಕ್ಕಿದರೆ ಸಾಕು, ಬಿಸಿ ಯಾರಿಗೆ ಬೇಕು ಅಂತ ಅಕ್ಕ ಊಟದ ಕೋಣೆಯಲ್ಲಿ ಖಾಲಿ ಕುರ್ಚಿಗಳಿಗೆ ಹೇಳಿಕೊಳ್ಳುತ್ತಿದ್ದಳು.

ಸಾಮಾನ್ಯವಾಗಿದ್ದರೆ ಅವಳು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಗಳು ತುಂಬಿದ ಬಸುರಿ. ಬಸ್ಸಿನಲ್ಲಿ ಮೂರು ಗಂಟೆ ದೂರದಲ್ಲಿದ್ದಾಳೆ, ಅಳಿಯನಿಗೆ ಲಾರಿ ಓಡಿಸುವ ಕೆಲಸ, ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಮೊದಲನೇ ಹೆರಿಗೆಗೆ ಅಕ್ಕ ಹೋಗುವ ಹೊತ್ತಿಗೆ ಮೊಮ್ಮಗಳಿಗೆ ನಾಲ್ಕು ದಿನ ಆಗಿತ್ತು. ಆಗಲೂ ಇದೇ ಕತೆ, ಅವಳು ಬಿಟ್ಟರೆ ಬೆಲ್ಟು ನಿಲ್ಲುತ್ತೆ. ಮಗಳು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲಮ್ಮ, ನರ್ಸ್ ಇದ್ರಲ್ಲ" ಅಂದಿದ್ದಳು ಅಷ್ಟೇ. ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈ ಸಲ ಮೊದಲೇ ಬಂದು ಕೂರುತ್ತೇನೆ ಅಂತ ಮಾತು ಕೊಟ್ಟಿದ್ದಾಳೆ. ಸೂಪರ್‌ವೈಸರ್ ಕೂಡ ರಜೆ ಇಲ್ಲ ಅನ್ನಲಿಲ್ಲ. ಯಾರಿಗಾದರೂ ಕಲಿಸಿಕೊಟ್ಟು ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ ಅಂದ.

ಆಗ ಬಂದವನೇ ಟೈಲರು. ಐವತ್ತೆಂಟರ ಮನುಷ್ಯ. ಜನ ಹೊಲಿಸುವುದನ್ನೇ ಬಿಟ್ಟ ಮೇಲೆ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಹನ್ನೆರಡನೆಯವನು. ಮಾತು ಕಮ್ಮಿ, ಕೈ ಚೊಕ್ಕ. ಅಕ್ಕನಿಗೆ ಒಳಗೊಳಗೇ ಆಸೆ ಚಿಗುರಿತು. ನಾಲ್ಕನೇ ದಿನ ಸಂಜೆ ನೋಡಿದರೆ ಅವನು ಏಪ್ರನ್ನನ್ನು ಅಂಗಿ ಮಡಚುವ ಹಾಗೆ ಅಚ್ಚುಕಟ್ಟಾಗಿ ಮಡಚಿ ಅವಳ ಮುಂದೆ ಇಟ್ಟ. ನಾಳೆಯಿಂದ ಬರೋದಿಲ್ಲ ಅಂದ.

ಬಿಸಿ ತಡೆಯೋಕೆ ಆಗಲಿಲ್ವಾ ಅಂತ ಅಕ್ಕ ಕೇಳಿದಳು.

"ಬಿಸಿ ಏನು ಮಾಡುತ್ತಕ್ಕ? ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ಜೊತೆ ಸಂಸಾರ ಮಾಡಿದವನು ನಾನು. ಇಲ್ಲಿ ನನಗೆ ಕೆಲಸ ಇಲ್ಲ."

"ಕೆಲಸ ಇಲ್ವಾ? ಊರಿಗೆಲ್ಲ ಕಾಣೋ ಹಾಗೆ ಬೋರ್ಡ್ ಹಾಕಿ ಕರೀತಿದ್ದಾರೆ."

"ಬೋರ್ಡ್ ಕರೆಯುತ್ತೆ, ನೀವು ಬಿಡಲ್ಲ. ನಾನು ಕೈ ಚಾಚೋದರೊಳಗೆ ನಿಮ್ಮ ಕೈ ಬಂದುಬಿಟ್ಟಿರುತ್ತೆ. ನಾಲ್ಕು ದಿನದಲ್ಲಿ ನಾನು ಒಂದು ಸೀದ ಬಿಸ್ಕತ್ತೂ ಕಂಡಿಲ್ಲ ಅಕ್ಕ. ಕಾಣದೆ ಏನು ಕಲೀಲಿ? ಮದುವೆ ಮನೆಗೆ ಬಂದು ಬಾಗಿಲಲ್ಲೇ ನಿಂತ ಹಾಗಾಗಿದೆ."

ಅಕ್ಕ ಮಡಚಿಟ್ಟ ಏಪ್ರನ್ ನೋಡಿದಳು. ಹನ್ನೊಂದು ಮುಖಗಳು ಒಂದಾದ ಮೇಲೊಂದು ಕಣ್ಣ ಮುಂದೆ ಬಂದವು. ಎರಡು ಜಡೆಯ ಹುಡುಗಿ, ಸದಾ ನಗುತ್ತಿದ್ದ ಗಡ್ಡದವನು, ಕಾಲು ನೋವಿದ್ದರೂ ಹೇಳದ ಆ ತಾಯಿ. ಅವರೆಲ್ಲ ಸೋಮಾರಿಗಳು ಅಂದುಕೊಂಡಿದ್ದಳು. ಅವರು ತಪ್ಪು ಮಾಡದ ಹಾಗೆ ಕಾಯುತ್ತಿದ್ದೇನೆ, ಪಾಪ ಹೊಸಬರು ಅಂತ ತನ್ನನ್ನೇ ಮೆಚ್ಚಿಕೊಂಡಿದ್ದಳು. ಎಲ್ಲರೂ ಬೆಲ್ಟಿನ ಪಕ್ಕ ಗೋಡೆಗೆ ಒರಗಿಸಿಟ್ಟ ಕೊಡೆಗಳ ಹಾಗೆ ನಿಂತು ನಿಂತು ಹೊರಟುಹೋಗಿದ್ದರು.

"ನಾಳೆ ಒಂದು ದಿನ ಬನ್ನಿ," ಅಂದಳು. "ಒಂದೇ ದಿನ. ಆಮೇಲೆ ಹೋಗೋದಾದರೆ ನಾನೇ ಗೇಟಿನ ತನಕ ಬಿಟ್ಟು ಬರ್ತೀನಿ."

ಬಂದ. ಅಕ್ಕ ಬೆಲ್ಟಿನಿಂದ ಮೂರು ಹೆಜ್ಜೆ ಹಿಂದೆ ನಿಂತಳು. ಆದರೆ ಕೈ ಕೇಳಬೇಕಲ್ಲ? ಹತ್ತು ನಿಮಿಷದಲ್ಲಿ ಎರಡು ಸಲ ಓಡಿ ಬಂದಳು. ಜೇಬಿನಲ್ಲಿ ಇಟ್ಟುಕೊಳ್ಳೋಣ ಅಂದರೆ ತಿನ್ನುವ ಪದಾರ್ಥದ ಫ್ಯಾಕ್ಟರಿ ಏಪ್ರನ್ನಿಗೆ ಜೇಬೇ ಇರುವುದಿಲ್ಲ. ಕೊನೆಗೆ ಬೆನ್ನು ತಿರುಗಿಸಿ, ಎರಡೂ ಕೈ ಹಿಂದಕ್ಕೆ ಕೊಟ್ಟು, ಕಟ್ಟಿಬಿಡಿ ಅಂದಳು. ಟೈಲರು ನಗಲಿಲ್ಲ. ಅವಳ ಏಪ್ರನ್ನಿನ ಲಾಡಿಯಿಂದಲೇ ಮಣಿಕಟ್ಟಿಗೆ ನೋವಾಗದ ಹಾಗೆ, ಎಳೆದರೆ ಬಿಚ್ಚುವ ಹಾಗೆ ಒಂದು ಗಂಟು ಹಾಕಿದ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಎರಡು ಕ್ಷಣ ನೋಡಿದ.

"ಏನ್ ಸಾರ್, ಬಂದ ಐದೇ ದಿನಕ್ಕೆ ಅಕ್ಕನ್ನ ಅರೆಸ್ಟ್ ಮಾಡಿಬಿಟ್ರಾ?"

"ನಾನೇ ಶರಣಾಗಿದ್ದು, ನೀನು ಹೋಗಿ ಡಬ್ಬ ಮುಚ್ಚು ಹೋಗು," ಅಂದಳು ಅಕ್ಕ.

ಹನ್ನೊಂದು ಗಂಟೆಯ ಹೊತ್ತಿಗೆ ಅವಳ ಮೂಗಿಗೆ ಸೀದ ವಾಸನೆ ಬಡಿಯಿತು. ಎಡಗಡೆಯ ಸಾಲು ಕಪ್ಪಾಗುತ್ತಿದೆ. ಟೈಲರು ಬಲಗಡೆ ಮುರುಕು ಆರಿಸುತ್ತಿದ್ದ. ಅಕ್ಕನ ಬೆರಳುಗಳು ಗಂಟಿನೊಳಗೆ ಮೀನಿನ ಹಾಗೆ ಒದ್ದಾಡಿದವು. ಕೂಗಲಿಲ್ಲ. ಒಂದು ಕ್ರೇಟ್ ಹೋಯಿತು. ಇನ್ನೊಂದು ಅರ್ಧ ಹೋಯಿತು. ಆಗ ಅವನು ತಟ್ಟನೆ ಒಂದನ್ನು ಎತ್ತಿ ಅದರ ಬೆನ್ನು ತಿರುಗಿಸಿ ನೋಡಿದ, ಮೂಗಿನ ಹತ್ತಿರ ಹಿಡಿದ, ಬಲಗೈ ಮೇಲೆತ್ತಿದ. ಆ ತುದಿಯಲ್ಲಿ ಒಲೆಯವನು ಉರಿ ಇಳಿಸಿದ. ಟೈಲರನ ಮುಖ ಸಣ್ಣದಾಗಿಹೋಗಿತ್ತು, ಒಂದೂವರೆ ಕ್ರೇಟ್ ಹಾಳು.

"ಇದರ ವಾಸನೆ ಇನ್ನು ನಿಮ್ಮನ್ನ ಬಿಟ್ಟು ಹೋಗಲ್ಲ ಬಿಡಿ," ಅಂದಳು ಅಕ್ಕ. "ನಾನು ಕಲಿತಾಗ ಒಲೆ ತುಂಬ ಬಿಸ್ಕತ್ತನ್ನೇ ಸುಟ್ಟಿದ್ದೆ."

ಅದಾದ ಮೇಲೆ ಅವನ ಹೊಲಿಗೆಯ ಕಣ್ಣು ಕೆಲಸಕ್ಕೆ ಬಂತು. ಸಾಲು ಒಂದು ಕೂದಲೆಳೆ ವಾರೆಯಾದರೂ ಹಿಡಿಯುತ್ತಿದ್ದ, ಅಂಚಿನ ಬಣ್ಣ ದಾರದ ಬಣ್ಣ ಹೊಂದಿಸುವ ಹಾಗೆ ನೋಡುತ್ತಿದ್ದ. ಏಳನೇ ದಿನ ಅಕ್ಕನ ಮೂಗಿಗೆ ಇನ್ನೂ ಏನೂ ತಿಳಿಯದೆ ಇದ್ದಾಗ ಅವನ ಕೈ ಮೇಲೆದ್ದಿತ್ತು. ಅವಳಿಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಒಂಚೂರು ಕಿಚ್ಚೂ ಆಯಿತು. ಇಪ್ಪತ್ತಾರು ವರ್ಷ ಅಂದರೆ ಸುಮ್ಮನೆನಾ?

ಎಂಟನೇ ದಿನ, ಡಾಕ್ಟರ್ ಹೇಳಿದ ದಿನಕ್ಕಿಂತ ವಾರ ಮುಂಚೆಯೇ, ಅಳಿಯನ ಫೋನು ಬಂತು. ನೋವು ಶುರುವಾಗಿದೆ, ಅವನು ಲಾರಿಯಲ್ಲಿ ದೂರ ಇದ್ದಾನೆ, ಪಕ್ಕದ ಮನೆಯವರು ಆಸ್ಪತ್ರೆಗೆ ಕರಕೊಂಡು ಹೋಗಿದ್ದಾರೆ. ಸೂಪರ್‌ವೈಸರ್ ಅಕ್ಕನ ಮುಖ ನೋಡಿದ, ಓಡುವ ಬೆಲ್ಟು ನೋಡಿದ, ಟೈಲರನ ಮುಖ ನೋಡಿದ. ಒಬ್ಬರೇ ನಿಭಾಯಿಸ್ತೀರಾ ಅಂತ ಕೇಳುವ ಧೈರ್ಯ ಅವನಿಗೂ ಇರಲಿಲ್ಲ.

ಟೈಲರು ತಲೆ ಎತ್ತಲಿಲ್ಲ, ಕಣ್ಣು ಬಿಸ್ಕತ್ತಿನ ಮೇಲೇ ಇತ್ತು. "ಹೊರಡಿ ಅಕ್ಕ. ಹನ್ನೆರಡೂಕಾಲಕ್ಕೆ ಬಸ್ಸಿದೆ. ಇಲ್ಲಿ ಸೀದರೆ ನಾನಿದ್ದೀನಿ ಬೈಸಿಕೊಳ್ಳೋಕೆ."

ಟೋಪಿ ಬಿಚ್ಚುವುದನ್ನೂ ಮರೆತು ಓಡಿದಳು. ಬಸ್ಸಿನಲ್ಲಿ ಜನ ನೋಡಿ ನಗುತ್ತಿದ್ದರು, ಅವಳಿಗೆ ಗೊತ್ತೇ ಆಗಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಮಗಳು ಬೆವರಿ ಒದ್ದೆಯಾಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಹೆಜ್ಜೆ ಸದ್ದಿಗೆ ನರ್ಸ್ ಇರಬೇಕು ಅಂದುಕೊಂಡು, ನೀರು ಕೊಡ್ತೀರಾ ಅಂತ ಕೇಳಿದಳು. ಅಕ್ಕ ಲೋಟ ಹಿಡಿದಳು. ಮಗಳು ತಿರುಗಿ ನೋಡಿದಳು. ನೀರು ಕುಡಿಯುವುದನ್ನೇ ಬಿಟ್ಟು ನೋಡಿದಳು.

"ಅಮ್ಮಾ... ಬೆಲ್ಟ್ ನಿಲ್ಲಿಸಿ ಬಂದ್ಯಾ?"

"ಇಲ್ಲ ಕಣೇ. ಓಡ್ತಾ ಇದೆ."

ಮಗಳಿಗೆ ಏನೋ ಹೇಳಬೇಕಿತ್ತು, ಅಷ್ಟರಲ್ಲಿ ಮತ್ತೊಂದು ನೋವು ಬಂತು. ಅಕ್ಕ ಅವಳ ಬೆನ್ನಿನ ಹಿಂದೆ ಹಾಸಿಗೆಯ ಮೇಲೆ ಕೂತು, ಅವಳ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಳು. ಮಗು ಹುಟ್ಟುವುದಕ್ಕೆ ಇನ್ನೂ ಎರಡು ಗಂಟೆ ಇತ್ತು.