ಚುಕ್ಕೆ ಇಡದ ಒಂದು ನಟ್ಟು

ಸಮಸ್ತ ಮಹಾಜನರ ಗಮನಕ್ಕೆ: ಇಂದು ಗುರುವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ, ಹಳೆಯ ಲಾರಿಯೊಂದರ ಹೊಟ್ಟೆಯಡಿ, ಇಪ್ಪತ್ತೆರಡನೆಯ ನಟ್ಟಿನ ಮೇಲೆ ಹಳದಿ ಚುಕ್ಕೆಯೊಂದನ್ನು ಯಶಸ್ವಿಯಾಗಿ ಇಡಲಾಗಿದೆ. ಸಮಾರಂಭಕ್ಕೆ ಗಣ್ಯರು ಯಾರೂ ಬಂದಿಲ್ಲ. ಬಂದಿದ್ದರೂ ಕೂರಿಸಲು ಜಾಗವಿಲ್ಲ. ಲಾರಿಯಡಿ ಒಬ್ಬರು ಮಲಗುವಷ್ಟೇ ಸ್ಥಳ, ಅಲ್ಲಿ ಮೇಸ್ತ್ರಿ ಮಲಗಿದ್ದಾರೆ.

ಎದೆಯ ಮೇಲೆ ಬಣ್ಣದ ಡಬ್ಬಿ, ಬಾಯಲ್ಲಿ ಟಾರ್ಚು, ಕೈಯಲ್ಲಿ ಕೂದಲುದುರಿ ನಾಲ್ಕೇ ಎಳೆ ಉಳಿದ ಕುಂಚ. ಚುಕ್ಕೆ ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ ಕೂರಬೇಕು. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಚುಕ್ಕೆ ಎರಡು ಹೋಳಾಗಿ ಚಾಡಿ ಹೇಳುತ್ತದೆ. ಬಣ್ಣ ಒಣಗುವವರೆಗೂ ಮೇಸ್ತ್ರಿ ಹೊರಗೆ ಬರುವುದಿಲ್ಲ. ಬಂದಾಗ ಹಣೆಯ ಮೇಲೂ ಒಂದು ಹಳದಿ ಬೊಟ್ಟು ಇರುತ್ತದೆ. ಅದು ಪ್ರತಿದಿನದ ಕಥೆ.

"ಬಿಗಿ ಮಾಡಿದ್ದು ಕೈಗೆ ನೆನಪಿರತ್ತೆ, ತಲೆಗೆ ಮರೆತುಹೋಗತ್ತೆ," ಎನ್ನುತ್ತಾರೆ. "ಚುಕ್ಕೆ ಇದ್ರೆ ಕೆಲಸ ಆಗಿದೆ. ಇಲ್ದಿದ್ರೆ ಆಗಿಲ್ಲ. ಅದ್ರಲ್ಲಿ ವಾದ ಇಲ್ಲ."

ಗ್ಯಾರೇಜುಗಳದೇ ಆದ ಆ ಬೀದಿಯಲ್ಲಿ ಅವರಿಗೆ ಚುಕ್ಕೆ ಮೇಸ್ತ್ರಿ ಎಂದೇ ಹೆಸರು. ತಂದೆ ತಾಯಿ ಇಟ್ಟ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಎದುರಿನ ಪಂಕ್ಚರ್ ಅಂಗಡಿಯವನಿಗೆ ಬೆಳಗಿನ ಚಹಾದ ಜೊತೆ ನಂಜಿಕೊಳ್ಳಲು ಮೇಸ್ತ್ರಿಯೇ ಬೇಕು.

"ಮೇಸ್ತ್ರಿಗಳೇ, ಮನೆ ಕುಕ್ಕರ್ ಮುಚ್ಚಳಕ್ಕೂ ಚುಕ್ಕೆ ಇಟ್ಟಿದೀರಂತೆ?"

"ಇಟ್ಟಿದೀನಿ. ಅದು ಹಾರಿದ್ರೂ ತಲೆಗೇ ಬರೋದು."

ಮೂವತ್ತೊಂದು ವರ್ಷದಿಂದ ಅವರ ಕೆಲಸ ಒಂದೇ: ಲಾರಿಯ ಡೀಸೆಲ್ ಪಂಪು ಮತ್ತು ಪೈಪು. ನಾಲ್ಕಕ್ಕೆ ಏಳುವುದು, ನಾಲ್ಕೂಮುಕ್ಕಾಲಿಗೆ ತಗಡಿನ ಶೆಡ್ಡಿನ ಬಾಗಿಲು ತೆಗೆಯುವುದು, ದಿನಕ್ಕೆ ನಾಲ್ಕೋ ಐದೋ ಲಾರಿಯ ಅಡಿಗೆ ನುಸುಳುವುದು. ಒಂದು ಡಬ್ಬಿ ಬಣ್ಣ ಏಳು ತಿಂಗಳು ಬರುತ್ತದೆ, ಒಂದು ಅಂಗಿ ನಾಲ್ಕು ತಿಂಗಳು. ಬೆರಳ ಸಂದುಗಳು ಸೀಳಿವೆ. ಡೀಸೆಲ್ಲಿಗೆ ಚಳಿಗಾಲ ಬೇಸಿಗೆ ಎಂಬ ಭೇದವಿಲ್ಲ, ವರ್ಷವಿಡೀ ಚರ್ಮ ತಿನ್ನುತ್ತದೆ. ಮನೆಯಲ್ಲಿ ಅವರಿಗೆ ಬೇರೆ ಸೋಪು, ಬೇರೆ ಟವೆಲು, ಊಟದ ಹೊತ್ತಿಗೆ ಕಿಟಕಿ ಪಕ್ಕದ ಜಾಗ. ಪೈಪಿಗೆ ಬಾಯಿಟ್ಟು ಡೀಸೆಲ್ ಎಳೆಯುವುದು ಈ ಕಸುಬಿನ ಹಳೆಯ ದುರಭ್ಯಾಸ. ಇಷ್ಟು ವರ್ಷದಲ್ಲಿ ಹೊಟ್ಟೆಗೆ ಎಷ್ಟು ಇಳಿದಿರಬಹುದು ಎಂದರೆ ಲೆಕ್ಕ ಹಾಕಲು ಹೋಗಿ ಕೈಬಿಡುತ್ತಾರೆ. "ಅಷ್ಟಕ್ಕೆ ಗಾಡಿಯಾದ್ರೆ ಮೈಲೇಜಾದ್ರೂ ಕೊಡ್ತಿತ್ತು."

ಇಂದು ಇಪ್ಪತ್ತೆರಡು ಚುಕ್ಕೆ ಹೊತ್ತು ನಿಂತಿರುವ ಲಾರಿ ಗಿರಾಕಿಯದಲ್ಲ. ಅವರ ಭಾವನದು. ಭಾವ ಈಗಿಲ್ಲ.

ಭಾವ ಇಪ್ಪತ್ತು ವರ್ಷ ಬೆಟ್ಟದ ರಸ್ತೆಯಲ್ಲಿ ಲೋಡು ಹೊತ್ತವರು. ಮೇಲಿನ ಊರುಗಳಿಗೆ ಸಿಮೆಂಟು, ಧಾನ್ಯ, ಹಾಸಿಗೆ, ಬೀರು, ಏನು ಬೇಕಾದರೂ ಅವರ ಲಾರಿಯಲ್ಲೇ ಹೋಗಬೇಕು. ಬಯಲಿನಲ್ಲಿ ಒಂದು ಲೋಡಿಗೆ ಹತ್ತು ಲಾರಿ ಬಾಯಿ ತೆರೆದುಕೊಂಡು ನಿಂತಿರುತ್ತವೆ. ಬೆಟ್ಟಕ್ಕೆ ಹೋಗುವವರು ಕಡಿಮೆ, ಹಾಗಾಗಿ ಅಕ್ಕನ ಮನೆಯ ಒಲೆ ಉರಿದದ್ದು ಬೆಟ್ಟದಿಂದಲೇ. ಮಗಳು ನಾಲ್ಕು ವರ್ಷ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು, ಆಮೇಲೆ ಅಪ್ಪನನ್ನೇ ಪಕ್ಕಕ್ಕೆ ಕೂರಿಸಿ, ಸ್ಟೀರಿಂಗ್ ಹಿಡಿದು ಕಲಿತಳು.

ಲಾರಿಯ ಡೀಸೆಲ್ ವ್ಯವಹಾರ ದೊಡ್ಡ ಒಗಟೇನಲ್ಲ. ಪಂಪು ಟ್ಯಾಂಕಿನಿಂದ ಡೀಸೆಲ್ ಹೀರಿ ಎಂಜಿನ್ನಿಗೆ ತಳ್ಳುತ್ತದೆ. ಎಂಜಿನ್ನು ಬೇಕಾದಷ್ಟು ಉರಿಸಿಕೊಂಡು ಮಿಕ್ಕಿದ್ದನ್ನು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಇದಕ್ಕೆ ರಿಟರ್ನ್ ಲೈನ್ ಎನ್ನುತ್ತಾರೆ. ಮಿಕ್ಕಿದ್ದನ್ನು ಹಿಂದಿರುಗಿಸುವ ಈ ಸದ್ಬುದ್ಧಿ ಸದ್ಯಕ್ಕೆ ಯಂತ್ರಗಳಿಗೆ ಮಾತ್ರ ಬಂದಿದೆ. ಆದರೆ ಭಾವನ ಲಾರಿಯನ್ನು ಮಾಡಿದ ಕಂಪನಿಯವರು ವಾಪಸ್ ಬರುವ ಪೈಪನ್ನು ಹೀರುವ ಪೈಪಿನ ಪಕ್ಕದಲ್ಲೇ, ಟ್ಯಾಂಕಿನ ನೆತ್ತಿಯಿಂದ ಸುರಿಯುವಂತೆ ಇಟ್ಟಿದ್ದರು. ಸುರಿದಲ್ಲೆಲ್ಲ ನೊರೆ. ಕಡಿದಾದ ಏರಿನಲ್ಲಿ, ಟ್ಯಾಂಕು ಅರ್ಧಕ್ಕಿಂತ ಕೆಳಗಿದ್ದರೆ, ಪಂಪು ಡೀಸೆಲ್ಲಿನ ಬದಲು ಗಾಳಿ ಕುಡಿಯುತ್ತದೆ. ಲಾರಿಗೆ ಮೊದಲು ಏದುಸಿರು, ಆಮೇಲೆ ಉಸಿರೇ ಇಲ್ಲ.

ಹದಿನಾಲ್ಕು ತಿಂಗಳ ಹಿಂದೆ ಬೆಟ್ಟದ ಎಂಟನೇ ತಿರುವಿನಲ್ಲಿ ಆದದ್ದು ಅದೇ. ಅಂದು ಭಾವ ಒಬ್ಬರೇ ಹೋಗಿದ್ದರು. ಎಂಜಿನ್ನು ನಿಂತಿತು. ಚಕ್ರದ ಹಿಂದೆ ಮರದ ತುಂಡು ಇಡಲು ಅವರು ಇಳಿದರು. ತುಂಬಿದ ಲೋಡನ್ನು ಕೈಬ್ರೇಕು ಹಿಡಿಯಲಿಲ್ಲ. ಲಾರಿ ಹಿಂದಕ್ಕೆ ಜಾರಿ ಬಂಡೆಗೆ ಒರಗಿ ನಿಂತಿತು. ಲಾರಿಗೆ ಆದ ನಷ್ಟ ಹಿಂಬದಿಯ ಎರಡು ಹಲಗೆ.

ಅದಕ್ಕೆ ಮೂರು ವಾರ ಮೊದಲು ಆ ಲಾರಿ ಇದೇ ಶೆಡ್ಡಿಗೆ ಬಂದಿತ್ತು. ಪೈಪಿನಲ್ಲಿ ಗುಳ್ಳೆ ಓಡುವುದನ್ನು ಮೇಸ್ತ್ರಿ ಕಂಡಿದ್ದರು.

"ಭಾವ, ಪಂಪು ಸೋತಿದೆ, ರಿಟರ್ನ್ ಲೈನೂ ಸರಿಯಿಲ್ಲ. ಟ್ಯಾಂಕ್ ಇಳಿಸ್ಬೇಕು. ಅರ್ಧ ದಿನ ಬಿಟ್ಟು ಹೋಗಿ."

"ಲೋಡಾಗಿದೆ ಕಣೋ. ಮುಂದಿನ ಸಲ ಮಾಡು."

"ಸರಿ, ಮುಂದಿನ ಸಲ."

ಅಷ್ಟೇ ಮಾತು. ಮೇಸ್ತ್ರಿ ರಿಟರ್ನ್ ಪೈಪಿನ ನಟ್ಟನ್ನು ತಾತ್ಕಾಲಿಕವಾಗಿ ಒಂದು ಸುತ್ತು ಬಿಗಿ ಮಾಡಿ ಬಿಟ್ಟರು. ಕೆಲಸ ಮುಗಿದಿರಲಿಲ್ಲವಾದ್ದರಿಂದ ಚುಕ್ಕೆ ಇಡಲಿಲ್ಲ.

ಅಪಘಾತದ ನಂತರ ಲಾರಿಯನ್ನು ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಅವರು ಮೊದಲು ಮಾಡಿದ್ದು ಟಾರ್ಚು ಕಚ್ಚಿಕೊಂಡು ಅಡಿಗೆ ಹೋದದ್ದು. "ಎಲ್ಲಾ ನಟ್ಟಿಗೂ ಚುಕ್ಕೆ ಇತ್ತು," ಎನ್ನುತ್ತಾರೆ. ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಶುಭ್ರವಾಗಿರುವ ಸ್ಪ್ಯಾನರನ್ನು ಮತ್ತೆ ಒರೆಸುತ್ತಾರೆ. "ಅದೊಂದಕ್ಕೆ ಇರ್ಲಿಲ್ಲ. ನನ್ನ ಮೇಲೆ ನಾನೇ ಬರೆದಿಟ್ಟ ಸಾಕ್ಷಿ."

ಅಕ್ಕನ ಮುಂದೆ ಇದನ್ನು ಅಂದೇ ಹೇಳಿದರು. ಅಕ್ಕ ಸಮಾಧಾನ ಹೇಳುವ ಜಾತಿಯವರಲ್ಲ.

"ನೀನು ಹೇಳ್ದೆ, ಅವರು ಕೇಳ್ಲಿಲ್ಲ. ಗಾಡಿ ಕೀ ಕಿತ್ಕೊಂಡು ಕೂರ್ಬೇಕಿತ್ತು ನೀನು, ಕೂರ್ಲಿಲ್ಲ. ಇಬ್ರೂ ಸೇರಿ ಮಾಡಿದೀರಿ. ಈಗ ಅತ್ತು ಯಾರಿಗೆ ತೋರಿಸ್ತೀಯ? ಗಾಡಿ ಸರಿ ಮಾಡು, ಅವಳು ಓಡಿಸ್ತಾಳೆ."

ಅಂದಿನಿಂದ ಮಧ್ಯಾಹ್ನ ತಮ್ಮನಿಗೆ ಊಟದ ಡಬ್ಬಿ ತರುವುದು ಅಕ್ಕನೇ. ಶೆಡ್ಡಿನ ಮೂಲೆಯಲ್ಲಿ ಮಲಗಿಸಿಟ್ಟ ಹಳೆ ಟೈರಿನ ಮೇಲೆ ಕೂರುತ್ತಾರೆ. ಡಬ್ಬಿ ಖಾಲಿಯಾಗುವವರೆಗೂ ಬೀದಿಯನ್ನು ನೋಡುತ್ತಾರೆ. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಲಾರಿಯ ಕಡೆ ಮುಖ ಮಾಡಿಲ್ಲ.

ಭಾವನ ಸಾವಿಗೆ ಸಾರಿಗೆ ಇಲಾಖೆಯೂ ಶ್ರದ್ಧಾಂಜಲಿ ಸಲ್ಲಿಸಿತು, ತನಗೆ ಗೊತ್ತಿರುವ ಏಕೈಕ ವಿಧಾನದಲ್ಲಿ. ಒಂದು ಹೊಸ ಅರ್ಜಿ ನಮೂನೆ ಹೊರಡಿಸಿತು. ಇನ್ನು ಮುಂದೆ ಹಳೆ ಲಾರಿಗಳು ಬೆಟ್ಟ ಹತ್ತಬೇಕಾದರೆ ತುಂಬಿದ ಲೋಡಿನಲ್ಲಿ ಏರಿಕೆ ಪರೀಕ್ಷೆ ಪಾಸಾಗಬೇಕು, ಇಪ್ಪತ್ನಾಲ್ಕು ಕಾಲಂ ಭರ್ತಿಯಾಗಬೇಕು. ಪರೀಕ್ಷೆ ವರ್ಷಕ್ಕೊಂದೇ ಸಲ. ಈ ವರ್ಷದ ಪರೀಕ್ಷೆಗೆ ಕೊನೆಯ ದಿನ ಇಂದೇ, ಗುರುವಾರ.

ಮೂರು ತಿಂಗಳಿಂದ ಮೇಸ್ತ್ರಿ ಗಿರಾಕಿಗಳ ಲಾರಿ ಬರುವ ಮುನ್ನ, ಬೆಳಗಿನ ಹೊತ್ತು ಈ ಒಂದು ಕೆಲಸ ಮಾಡಿದ್ದಾರೆ. ಸೋತ ಪಂಪು ತೆಗೆದು ಟ್ಯಾಂಕಿನ ಪಕ್ಕದಲ್ಲೇ ಬಲವಾದ ಹೊಸ ಪಂಪು ಕೂರಿಸಿದ್ದಾರೆ. ದಪ್ಪ ಪೈಪು ಎಳೆದಿದ್ದಾರೆ. ರಿಟರ್ನ್ ಪೈಪನ್ನು ಟ್ಯಾಂಕಿನ ಇನ್ನೊಂದು ತುದಿಗೆ ಒಯ್ದು, ನೊರೆ ಏಳದಂತೆ ತಳದವರೆಗೂ ಇಳಿಸಿದ್ದಾರೆ. ಒತ್ತಡ ಹಿಡಿದಿಡಲು ಒಂದು ವಾಲ್ವು. ನಡುವೆ ಗೇಣುದ್ದ ಪಾರದರ್ಶಕ ಪೈಪು. ಗುಳ್ಳೆ ಬಂದರೆ ಕಾಣಲಿ ಎಂದು. ತೆಗೆದ ಹಳೆಯ ಪಂಪು, ಪೈಪು, ಆ ನಟ್ಟು, ಮೂರನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ಗುಜರಿಯವನು ಎರಡು ಸಲ ಕೇಳಿದ್ದಾನೆ. ಎರಡು ಸಲವೂ ಬೈಸಿಕೊಂಡು ಹೋಗಿದ್ದಾನೆ.

ಹತ್ತು ಗಂಟೆಗೆ ತಪಾಸಣೆ ಮೈದಾನ. ಹಿಂಭಾಗದಲ್ಲಿ ಕಾಂಕ್ರೀಟಿನ ಏರು, ಬೆಟ್ಟದ ಎಂಟನೇ ತಿರುವಿನಷ್ಟೇ ಕಡಿದು. ಅಕ್ಕನ ಮಗಳು ಮರಳು ಮೂಟೆ ತುಂಬಿದ ಲಾರಿಯನ್ನು ಏರಿಗೆ ಹಿಡಿಯುತ್ತಾಳೆ. ಮೇಸ್ತ್ರಿಗೆ ನೋಡಲಾಗುವುದಿಲ್ಲ. ಬೆನ್ನು ತಿರುಗಿಸಿ ನಿಂತು ಕಿವಿಯಲ್ಲೇ ಹತ್ತುತ್ತಾರೆ. ಅರ್ಧ ಏರಿನಲ್ಲಿ ಅಧಿಕಾರಿ ನಿಲ್ಲಿಸಲು ಹೇಳುತ್ತಾರೆ, ಮತ್ತೆ ಹೊರಡಲು ಹೇಳುತ್ತಾರೆ. ಸದ್ದು ಒಂದೇ ಸಮ. ಎಲ್ಲೂ ಇಳಿಯುವುದಿಲ್ಲ, ತೊದಲುವುದಿಲ್ಲ.

ಕೆಳಗೆ ಬಂದು ಕ್ಯಾಬಿನ್ನಿನಿಂದ ಜಿಗಿದವಳ ಮುಖ ಕೆಂಪಾಗಿದೆ. "ಉಸಿರು ಕಟ್ಲಿಲ್ಲ ಮಾವ."

"ಯಾರ್ದು, ಗಾಡೀದಾ ನಿಂದಾ?"

"ಇಬ್ರದೂ."

ಅಧಿಕಾರಿ ಒಳ್ಳೆಯ ಮನುಷ್ಯ. ಏರಿಕೆ ಪರೀಕ್ಷೆಯ ಕಾಲಂನಲ್ಲಿ 'ಉತ್ತಮ' ಎಂದು ಬರೆದು, ಅದರಡಿ ಎರಡು ಗೆರೆಯನ್ನೂ ಎಳೆಯುತ್ತಾರೆ. ಆಮೇಲೆ ಬಗ್ಗಿ ಲಾರಿಯಡಿ ಒಂದು ನೋಟ ಹಾಯಿಸುತ್ತಾರೆ. ಕಪ್ಪು ಮಸಿಯ ನಡುವೆ ಇಪ್ಪತ್ತೆರಡು ಚುಕ್ಕೆ, ಸೂರ್ಯಕಾಂತಿ ತೋಟದಂತೆ.

"ಇದೇನ್ರೀ ಹಳದಿ ಹಳದಿ?"

"ನಾನು ಮುಟ್ಟಿದ ನಟ್ಟು ಸಾರ್. ಬಿಗಿಯಾಗಿದೆ ಅಂತ ಗುರುತು." ಹೇಳುವಾಗ ಮೇಸ್ತ್ರಿಯ ದನಿಯಲ್ಲಿ ಸ್ವಲ್ಪ ಬಿಗುಮಾನ ಇಣುಕುತ್ತದೆ. ಕೇಳುವವರು ಸಿಕ್ಕಿದ್ದೇ ಅಪರೂಪ.

"ಇಷ್ಟೊಂದು ಕಡೆ ಮುಟ್ಟಿದೀರಾ?"

"ಎಲ್ಲಾ ಹೊಸದು ಸಾರ್. ಪಂಪು, ಪೈಪು, ರಿಟರ್ನ್ ಲೈನು."

ಅಧಿಕಾರಿಯ ಪೆನ್ನು ಕಾಲಂ ಹದಿನೇಳರ ಮೇಲೆ ನಿಲ್ಲುತ್ತದೆ. 'ಇಂಧನ ವ್ಯವಸ್ಥೆ ವಾಹನ ತಯಾರಕರು ಕೊಟ್ಟಂತೆಯೇ ಇದೆಯೇ?' ಭಾವನ ಸಾವಿನ ವಿಚಾರಣಾ ವರದಿ 'ಇಂಧನ ವ್ಯವಸ್ಥೆಯ ದೋಷ' ಎಂದಿತ್ತು. ಯಾರೂ ಅದರಲ್ಲಿ ಕೈಯಾಡಿಸಬಾರದೆಂದು ಈ ಕಾಲಂ ಹುಟ್ಟಿದೆ. ದೋಷ ತಯಾರಕರು ಕೊಟ್ಟದ್ದರಲ್ಲೇ ಇತ್ತು ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

"ಬದಲಾಯಿಸಿದ್ರೆ ಕಂಪನಿಯಿಂದ ಒಪ್ಪಿಗೆ ಪತ್ರ ಬೇಕು ಮೇಸ್ತ್ರಿ."

"ಕಂಪನಿ ಮುಚ್ಚಿ ಹನ್ನೊಂದು ವರ್ಷ ಆಯ್ತು ಸಾರ್."

"ಹಾಗಾದ್ರೆ ಪತ್ರ ಸಿಗಲ್ಲ."

"ಸಿಗಲ್ಲ."

ಅಕ್ಕನ ಮಗಳು ಕೇಳುತ್ತಾಳೆ: "ಸಾರ್, ಚುಕ್ಕೆ ಇಡದೆ ಇದ್ದಿದ್ರೆ?"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕುತ್ತಾರೆ. "ನನ್ನ ಕಣ್ಣಿಗೆ ಬೀಳ್ತಿರ್ಲಿಲ್ಲಮ್ಮ. ಈಗ ಬಯಲು ರಸ್ತೆಗೆ ಮಾತ್ರ ಬರ್ಕೊಡಬಹುದು, ಅದಕ್ಕೆ ಈ ಕಾಲಂ ಇಲ್ಲ." ಆಮೇಲೆ ದನಿ ತಗ್ಗಿಸಿ, "ಹಳೇ ಸಾಮಾನು ಇದ್ಯಾ? ಅದನ್ನೇ ಹಾಕ್ಕೊಂಡು ಐದರ ಒಳಗೆ ಬನ್ನಿ. ಏರಿಕೆ ಪಾಸಾಗಿದೆ, ಅದನ್ನ ಮತ್ತೆ ಕೇಳಲ್ಲ. ನಾನು ಸೀಲ್ ಹಾಕಿ ಕೊಡ್ತೀನಿ. ಆದ್ರೆ ಸೀಲ್ ಒಡೆದು ಮತ್ತೆ ಹೊಸದು ಹಾಕೋ ಹಾಗಿಲ್ಲ, ಪರವಾನಗಿ ಹೋಗತ್ತೆ."

ಅಂದರೆ, ಹೊಸ ಪಂಪಿನಲ್ಲಿ ಹತ್ತಿದ ಏರಿಗೆ ಹಳೆ ಪಂಪಿನ ಹೆಸರಿನಲ್ಲಿ ಪರವಾನಗಿ. ಕಾಗದಕ್ಕೆ ಇದರಲ್ಲಿ ಯಾವ ತಕರಾರೂ ಇಲ್ಲ.

ಶೆಡ್ಡಿಗೆ ಮರಳಿದಾಗ ಎರಡು ಗಂಟೆ. ಕೆಲಸ ಎರಡು ಗಂಟೆಯದು, ಸಮಯ ಸಾಲುತ್ತದೆ. ಅಕ್ಕ ಡಬ್ಬಿ ಹಿಡಿದು ಟೈರಿನ ಮೇಲೆ ಕೂತಿದ್ದಾರೆ. ಮಗಳು ನಡೆದದ್ದನ್ನು ಹೇಳಿ ಮುಗಿಸಿದರೂ ಅವರ ಕಣ್ಣು ಬೀದಿಯ ಮೇಲೇ. ಮೇಸ್ತ್ರಿ ಅಟ್ಟದಿಂದ ಗಂಟು ಇಳಿಸಿ ಬಿಚ್ಚುತ್ತಾರೆ.

"ಹಾಕ್ಬಿಡು ಮಾವ," ಎನ್ನುತ್ತಾಳೆ ಅಕ್ಕನ ಮಗಳು. "ಟ್ಯಾಂಕ್ ಯಾವತ್ತೂ ಅರ್ಧಕ್ಕೆ ಇಳಿಯಕ್ಕೆ ಬಿಡಲ್ಲ. ನಿಧಾನ ಹೋಗ್ತೀನಿ. ಒಬ್ಳೇ ಇಳಿಯಲ್ಲ."

ಮೇಸ್ತ್ರಿ ನಟ್ಟು ಹಿಡಿದು ಲಾರಿಯಡಿಗೆ ಹೋಗುತ್ತಾರೆ. ಹೊರಗೆ ಎರಡು ಪಾದ ಮಾತ್ರ ಕಾಣುತ್ತವೆ. ಸ್ಪ್ಯಾನರಿನ ಸದ್ದಿಲ್ಲ. ಚುಡಾಯಿಸಲು ಬಂದ ಪಂಕ್ಚರ್ ಅಂಗಡಿಯವನು ಆ ಪಾದಗಳನ್ನು ನೋಡಿ ತನ್ನ ಅಂಗಡಿಗೆ ಮರಳುತ್ತಾನೆ. ತುಂಬಾ ಹೊತ್ತಿನ ಮೇಲೆ ಮೇಸ್ತ್ರಿ ಹೊರಗೆ ಜಾರಿ ಬಂದು, ನೆಲದ ಮೇಲೇ ಕೂರುತ್ತಾರೆ.

"ಹಾಕಬಹುದು ಮರಿ. ಬಿಗಿನೂ ಮಾಡಬಹುದು. ಆಮೇಲೆ ಚುಕ್ಕೆ ಇಡ್ಬೇಕಲ್ಲ."

"ಇಡದೆ ಬಿಟ್ಬಿಡು."

"ಒಂದ್ಸಲ ಬಿಟ್ಟಿದ್ದೆ."

ಅಕ್ಕ ಎದ್ದು ನಿಲ್ಲುತ್ತಾರೆ. ನಿಧಾನವಾಗಿ ತಿರುಗಿ, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಲಾರಿಯನ್ನು ನೋಡುತ್ತಾರೆ. ಮುಂದಿನ ಗಾಜಿನಿಂದ ಹಿಂದಿನ ಹಲಗೆಯವರೆಗೆ. ಹೊಸದಾಗಿ ಬಡಿದ ಎರಡು ಹಲಗೆಗಳ ಬಣ್ಣ ಉಳಿದವುಗಳಿಗೆ ಹೊಂದಿಲ್ಲ. ಅವುಗಳ ಮೇಲೆ ಒಮ್ಮೆ ಕೈಯಿಡುತ್ತಾರೆ.

"ಬಯಲಿಗೇ ಬರೆಸ್ಕೊಂಡು ಬಾ, ಹೋಗು," ಎನ್ನುತ್ತಾರೆ ಮಗಳಿಗೆ. ತಮ್ಮನಿಗೆ, "ನೀನು ಊಟ ಮಾಡು."

ಐದಕ್ಕೆ ಐದು ನಿಮಿಷವಿರುವಾಗ ಅರ್ಜಿಯ ಮೇಲೆ ನೇರಳೆ ಮುದ್ರೆ ಬೀಳುತ್ತದೆ: ಬಯಲು ರಸ್ತೆಗೆ ಮಾತ್ರ. 'ಉತ್ತಮ' ಎಂಬುದರ ಕೆಳಗಿನ ಎರಡು ಗೆರೆ ಹಾಗೇ ಇವೆ.

ಆ ಗುರುವಾರದಿಂದ ಅಕ್ಕನ ಮಗಳು ಇಟ್ಟಿಗೆ ಸಾಗಿಸುತ್ತಾಳೆ, ಲೋಡು ಸಿಕ್ಕ ದಿನ. ಸಿಗದ ದಿನ ಹತ್ತು ಲಾರಿಗಳ ಸಾಲಿನಲ್ಲಿ ಹನ್ನೊಂದನೆಯವಳಾಗಿ ನಿಲ್ಲುತ್ತಾಳೆ. ಎಂಟನೇ ತಿರುವನ್ನು ಏದುಸಿರಿಲ್ಲದೆ ಹತ್ತಬಲ್ಲ ಆ ಲಾರಿ ಈಗ ಹತ್ತುವ ಅತಿ ಎತ್ತರದ ಜಾಗ ಗ್ಯಾರೇಜು ಬೀದಿಯ ಸ್ಪೀಡ್ ಬ್ರೇಕರ್. ದಿನಾ ಬೆಳಗ್ಗೆ ಆರೂಕಾಲಿಗೆ ಅದು ಹಾದುಹೋಗುವಾಗ, ಬೇರೆ ಯಾವುದೋ ಲಾರಿಯ ಅಡಿಯಿಂದ ಒಂದು ಕೈ ಹೊರಬಂದು, ಮಾತಾಡುತ್ತಿರುವವರನ್ನೆಲ್ಲ ಸುಮ್ಮನಿರಿಸುತ್ತದೆ.

"ಕೇಳಿ," ಎನ್ನುತ್ತಾರೆ ಮೇಸ್ತ್ರಿ ಕೆಳಗಿನಿಂದ. "ಹತ್ತುವಾಗ ಸದ್ದು ಇಳಿಯಲ್ಲ."