ಹಿಂದಕ್ಕೆ ಹರಿದ ಕಾಲುವೆ ಮತ್ತು ದ್ಯಾವಪ್ಪ

ನೀರು ಎಷ್ಟು ಜೋರಾಗಿ ಹೋಗುತ್ತಿದೆ ಎಂದು ತಿಳಿಯಲು ದ್ಯಾವಪ್ಪನಿಗೆ ಒಂದು ಗೇಣುದ್ದದ ಜೋಳದ ದಂಟು ಸಾಕಾಗಿತ್ತು. ಶಿರವಾಳ ದಾಟಿದ ಮೇಲೆ ನಮ್ಮ ಕಾಲುವೆಗೆ ಒಂದು ಸಣ್ಣ ಸೇತುವೆ ಇದೆ. ಅದರ ಮೇಲಿಂದ ದಂಟು ಬಿಡುತ್ತಿದ್ದ, ದಂಡೆಯ ಮೇಲೆ ಅದರ ಜೊತೆಗೇ ನಡೆಯುತ್ತಿದ್ದ, ಬೇವಿನ ಗಿಡ ಬಂದಾಗ ಗಡಿಯಾರ ನೋಡುತ್ತಿದ್ದ. ಆಮೇಲೆ ಗೇಟಿನ ಕೋಣೆಗೆ ಬಂದು ಬುಕ್ಕಿನಲ್ಲಿ ಬರೆಯುತ್ತಿದ್ದ. ಮೂವತ್ತು ವರ್ಷ ಅವನು ಬರೆದದ್ದೇ ನೀರು. ಯಾವ ಹೊಲದ ಪಾಳಿ ಮುಗಿಯಿತು, ಯಾರದ್ದು ಇನ್ನೂ ಬಾಕಿ ಎಂಬ ಜಗಳಕ್ಕೆ ನಾವು ಕೊಡಲಿ ಹಿಡಿದು ಹೋಗಿದ್ದೇವೆ, ಅವನ ಬುಕ್ಕು ನೋಡಿ ಕೊಡಲಿ ಕೆಳಗಿಟ್ಟು ಬಂದಿದ್ದೇವೆ. ನನ್ನ ಪಂಪ್ ರಿಪೇರಿ ಅಂಗಡಿ ಆ ಸೇತುವೆಯ ಬಾಜೂಕೇ ಇರುವುದರಿಂದ ಇದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ಕಾಲುವೆ ತೋಡುವಾಗ ಅವನು ಮಣ್ಣಿನ ಬುಟ್ಟಿ ಹೊತ್ತ ಹುಡುಗ. ಮೊದಲ ಸಲ ನೀರು ಬಿಟ್ಟ ದಿನ ಇಡೀ ಊರು ದಂಡೆಯ ಮೇಲೆ ಕಾಯಿ ಒಡೆಯುತ್ತ ನಿಂತಿದ್ದರೆ ಇವನು ನೀರಿನ ಮೂತಿಯ ಮುಂದೆ ಮುಂದೆ ನಡೆದುಕೊಂಡು ಬಂದನಂತೆ, ನಾಯಿ ಕರೆದುಕೊಂಡು ಬರುವವನ ಹಾಗೆ. ಅದನ್ನು ಕಂಡ ಯಾರೋ ಸಾಹೇಬರು ಗೇಟಿನ ಕೆಲಸಕ್ಕೆ ಇಟ್ಟುಕೊಂಡರು.

ಇಂಥವನ ತಲೆಯ ಮೇಲೆ ಕ್ಯಾಮೆರಾ ತಂದು ಹಾಕಿದರು. ಸೇತುವೆಗೆ ಒಂದು ಕಬ್ಬಿಣದ ಕಂಬ, ಕಂಬದ ತುದಿಗೆ ಕೆಳಗೆ ನೋಡುವ ಒಂದು ಕಣ್ಣು. ಇನ್ನು ಮೇಲೆ ನೀರಿನ ಲೆಕ್ಕ ಅದರದು. ದ್ಯಾವಪ್ಪನ ಬುಕ್ಕು ಅದಕ್ಕೆ ತಾಳೆಯಾಗಬೇಕು, ಆಗದಿದ್ದರೆ ಗೇಟು ಬಿಟ್ಟು ಮನೆಗೆ ಹೋಗಬೇಕು ಎಂದು ಆಫೀಸಿನವರು ಹೇಳಿದರು. ಕ್ಯಾಮೆರಾ ನೋಡಿಕೊಳ್ಳಲು ಬಂದವಳು ಸುರಪುರದ ಆಮೀನಾ, ಇಂಜಿನಿಯರು.

"ಏನ್ ನೋಡ್ತದವ್ವ ಇದು?" ದ್ಯಾವಪ್ಪ ಕೇಳಿದ.

"ಕಾಕಾ, ಇದು ಒಂದು ಫೋಟೋ ತಗೀತದ. ರೆಪ್ಪಿ ಬಡಿಯೋದ್ರಾಗ ಇನ್ನೊಂದು ತಗೀತದ. ಮೊದಲ್ನೇದ್ರಾಗಿನ ಚುಕ್ಕಿ ಎರಡ್ನೇದ್ರಾಗ ಎಲ್ಲಿಗಿ ಸರದಾದ ಅಂತ ಹುಡುಕ್ತದ. ಸಿಕ್ಕರ ಅಲ್ಲೊಂದು ಬಾಣ ಬರೀತದ. ಬಾಣ ಉದ್ದಿದ್ರ ನೀರು ಜೋರು, ಗಿಡ್ಡಿದ್ರ ಸಾವಕಾಶ."

"ಚುಕ್ಕಿನೇ ಇಲ್ಲಂದ್ರ?"

"ಬಾಣ ಇಲ್ಲ."

"ಬಾಣ ಇಲ್ಲಂದ್ರ ನೀರಿಲ್ಲೇನು?"

"ಅದರ ಲೆಕ್ಕದಾಗ ಇಲ್ಲ ಕಾಕಾ."

ಮರುದಿನವೇ ಫೋನು ಬಂತು. ಅವತ್ತು ಗಾಳಿ ಇರಲಿಲ್ಲ, ನೀರು ಕನ್ನಡಿಯ ಹಾಗೆ ತುಂಬಿ ಹೋಗುತ್ತಿತ್ತು. ಮೇಲೆ ಒಂದು ಎಲೆಯಿಲ್ಲ, ನೊರೆಯಿಲ್ಲ. ಬೆಳಗಿನಿಂದ ನೀರು ಯಾಕೆ ನಿಲ್ಲಿಸಿದ್ದೀ ಎಂದು ಆಫೀಸಿನವರು ಬೈದರು. "ನಿಂತಿಲ್ರಿ ಸಾಹೇಬ್ರ, ನನ್ನ ಮುಂದೇ ಹೊಂಟಾದ" ಎಂದು ಇವನು ಫೋನನ್ನು ನೀರಿನ ಕಡೆ ಹಿಡಿದ, ಸಪ್ಪಳ ಕೇಳಲಿ ಎಂದು. ತುಂಬಿದ ನೀರು ಸಪ್ಪಳವನ್ನಾದರೂ ಯಾಕೆ ಮಾಡೀತು?

ವಾರದ ಮೇಲೆ ಮೂಡಗಾಳಿ ಎದ್ದಿತು. ನೀರು ಕೆಳಗೆ ಹೋಗುತ್ತಲೇ ಇತ್ತು, ಮೇಲಿನ ತೆರೆಗಳು ಮಾತ್ರ ಎದುರಾಗಿ ಓಡುತ್ತಿದ್ದವು. ಕ್ಯಾಮೆರಾ ತೆರೆಗಳನ್ನು ನಂಬಿತು. ಆಫೀಸಿನಿಂದ ನೋಟಿಸು ಬಂತು: "ದಿನಾಂಕ ಹನ್ನೊಂದರಂದು ಸಂಜೆ ನಾಲ್ಕರಿಂದ ಆರರವರೆಗೆ ಕಾಲುವೆಯ ನೀರು ಡ್ಯಾಮಿನ ಕಡೆಗೆ ಮೇಲ್ಮುಖವಾಗಿ ಹರಿದಿದ್ದು, ಅದನ್ನು ತಡೆಯದಿರುವುದಕ್ಕೆ ಕಾರಣವನ್ನು ಮೂರು ದಿನಗಳೊಳಗೆ ತಿಳಿಸತಕ್ಕದ್ದು."

ಓದಿ ನನ್ನ ಮೈ ಉರಿಯಿತು. ನಾನು ಕಲಿತದ್ದು ಐದನೇ ಇಯತ್ತೆ, ಆದರೂ ಅವನ ಹೆಸರಿನಲ್ಲಿ ಉತ್ತರ ನಾನೇ ಬರೆದೆ: "ನೀರನ್ನು ಯಾರೂ ವಾಪಸ್ ಅಟ್ಟಿಲ್ಲ. ಗಾಳಿ ಬೀಸಿತ್ತು. ಗಾಳಿಯನ್ನು ತಡೆಯುವ ಅಧಿಕಾರ ನನಗೆ ಕೊಟ್ಟಿರುವುದಿಲ್ಲ." ಅದರ ಕೆಳಗೆ ಇನ್ನೆರಡು ಮಾತು ಸೇರಿಸಿದ್ದೆ. ದ್ಯಾವಪ್ಪ ಓದಿಸಿಕೊಂಡು ಕೇಳಿ, "ಅವೆರಡು ಹೊಡದು ಹಾಕೋ ಮಾರಾಯ, ಅವರಿಗೂ ಅವ್ವ ಅಕ್ಕ ಇರ್ತಾರ" ಎಂದು ಅಳಿಸಿಸಿದ.

ಕೊನೆಗೆ ಆಮೀನಾ ಒಂದು ದಾರಿ ತೋರಿಸಿದಳು. ನೀರಿನ ಮೇಲೆ ಏನಾದರೂ ಹಗುರವಾದದ್ದನ್ನು ಉದುರಿಸಿದರೆ ಕ್ಯಾಮೆರಾಕ್ಕೆ ಚುಕ್ಕಿ ಸಿಗುತ್ತದೆ. ದ್ಯಾವಪ್ಪ ತೊಗರಿ ಹೊಟ್ಟು ತಂದು ಅರ್ಧ ಗಂಟೆಗೊಮ್ಮೆ ಒಂದು ಹಿಡಿ ತೂರತೊಡಗಿದ. ಗಾಳಿ ಇಲ್ಲದ ದಿನ ಲೆಕ್ಕ ಬುಕ್ಕಿಗೆ ಬೆರಳಿಗೆ ಬೆರಳು ಕೂತಿತು. ಹದಿನೈದು ದಿನ ಎಲ್ಲರೂ ಚಲೋ ಇದ್ದೆವು. ಆಮೇಲೆ ಹೊಟ್ಟಿನಲ್ಲಿ ಉಳಿದಿದ್ದ ಕಾಳಿನ ಆಸೆಗೆ ಬಾತುಕೋಳಿ ಬಂದವು. ಭತ್ತದ ಗದ್ದೆಗಳಲ್ಲಿ ಮೇಯಿಸಲು ಆಂಧ್ರದ ಕಡೆಯವರು ಹೊಡೆದುಕೊಂಡು ಬಂದಿದ್ದ ನಾಲ್ಕು ನೂರು ಬಾತು, ಕಾಲುವೆಯ ನಡುವೆ ಸಾಲು ಹಿಡಿದು ಎದುರು ಈಜಿದವು.

"ನಡುವಿನ ನೀರು ಒಂದೇ ಯಾಕ ವಾಪಸ್ ಹೊಂಟಾದ?" ಎಂದು ಫೋನು.

"ಅದು ಬಾತುಕೋಳಿ ಸಾಹೇಬ್ರ."

"ಬಾತುಕೋಳಿಗಿ ನಮ್ಮಲ್ಲಿ ಕಾಲಂ ಇಲ್ಲ. ನೀರಂತ ಹೇಳು, ಇಲ್ಲ ನೀರಲ್ಲಂತ ಹೇಳು."

ಹೀಗೆ ನೀರಗಂಟಿಯೊಬ್ಬ ನೀರು ಬಿಟ್ಟು ಬಾತು ಕಾಯುವಂತಾಯಿತು. ಕೋಲು ಹಿಡಿದು ದಂಡೆಯಲ್ಲಿ ಹುಶ್ ಹುಶ್ ಎಂದು ಓಡುತ್ತಿದ್ದವನನ್ನು ಕಂಡು ಜನ ನಕ್ಕರು. ನನಗೆ ನಗು ಬರಲಿಲ್ಲ. ನಕ್ಕ ಒಬ್ಬನ ಪಂಪನ್ನು ನಾಲ್ಕು ದಿನ ರಿಪೇರಿ ಮಾಡದೆ ಹಾಗೇ ಇಟ್ಟೆ.

ಆಗ ಕೊನೆಯ ಹೊಲದ ಕರೆಮ್ಮನ ಏಳು ದಿನದ ಪಾಳಿ ಬಂದಿತ್ತು. ಅವಳ ಎರಡು ಎಕರೆ ಭತ್ತ ಹಾಲುಗಟ್ಟುವ ಹೊತ್ತು. ನೀರು ಅವಳ ಹೊಲ ಮುಟ್ಟುವ ಮೊದಲೇ ಮೇಲೆ ಎಲ್ಲೋ ದಂಡೆ ಕುಸಿದು, ರಿಪೇರಿಗೆಂದು ಮೇಲಿನ ಗೇಟೂ ಕೆಳಗಿನ ಗೇಟೂ ಹಾಕಿಬಿಟ್ಟರು. ನಡುವೆ ಸಿಕ್ಕ ನೀರು ನಮ್ಮ ಸೇತುವೆಯ ಕೆಳಗೆ ಹೊಂಡದ ಹಾಗೆ ನಿಂತಿತು. ಪಾಳಿಯ ಏಳನೇ ದಿನ, ನೀರು ಇನ್ನೂ ಹಾಗೇ ನಿಂತಿರುವಾಗ, ದೊಡ್ಡ ಸಾಹೇಬರು ಕ್ಯಾಮೆರಾ ನೋಡಲು ಬಂದರು.

ಸಾಹೇಬರಿಗೆ ಬಾಣ ಚೆನ್ನಾಗಿ ಕಾಣಲೆಂದು ಆಫೀಸಿನವರು ಎರಡು ಚೀಲ ಹೊಟ್ಟು ಸುರಿದಿದ್ದರು. ಪಡುವಣ ಗಾಳಿ ಹೊಡೆಯುತ್ತಿತ್ತು. ನಿಂತ ನೀರಿನ ಮೇಲೆ ಹೊಟ್ಟು ಕರೆಮ್ಮನ ಹೊಲದ ದಿಕ್ಕಿಗೆ ದೌಡಾಯಿಸಿತು. ಆಮೀನಾಳ ಕೈಯಲ್ಲಿದ್ದ ಹಲಗೆಯಂಥ ಕಂಪ್ಯೂಟರಿನಲ್ಲಿ ಬಾಣಗಳು ಮೊಳದುದ್ದ ಎದ್ದವು.

"ಸರ್, ಇದು ಗಾಳಿ ಇರ್ಬೇಕು" ಎಂದಳು ಆಮೀನಾ.

"ಮಷೀನಿಗಿ ಗೊತ್ತಿಲ್ಲದ್ದು ನಿನಗ ಗೊತ್ತದೇನು?" ಎಂದರು ಸಾಹೇಬರು. ದ್ಯಾವಪ್ಪನ ಕಡೆ ತಿರುಗಿದರು. "ಈ ಲೆಕ್ಕಕ್ಕ ಕೊನೀ ಹೊಲದ ಪಾಳಿ ಇವತ್ತು ಸಂಜೀಕ ಮುಗೀತದ. ಬರಿ. ಸಹಿ ಹಾಕು."

ಕರೆಮ್ಮ ಅಲ್ಲೇ ಇದ್ದಳು. "ಎಲ್ಲಿ ಬಂದಾದ್ರಿ ನೀರು? ನನ್ನ ಹೊಲದಾಗ ಕಪ್ಪಿ ಬಾಯಿ ತಕ್ಕೊಂಡು ಬಿದ್ದಾವ."

ಸಾಹೇಬರು ಸಮಾಧಾನದಿಂದಲೇ ಅವಳಿಗೆ ಹಲಗೆ ತೋರಿಸಿದರು. "ನೋಡವ್ವ, ಬಾಣ ಎಲ್ಲಾ ನಿನ್ನ ಕಡೀಗೇ ಹೊಂಟಾವ."

"ಬಾಣ ಕುಡದು ಭತ್ತ ಬೆಳೀತದೇನೋ ಯಪ್ಪಾ!"

ದ್ಯಾವಪ್ಪ ಪೆನ್ನು ಹಿಡಿದು ಬುಕ್ಕು ನೋಡುತ್ತ ನಿಂತಿದ್ದ. ಸಹಿ ಹಾಕಿದರೆ ಕ್ಯಾಮೆರಾಕ್ಕೂ ಬುಕ್ಕಿಗೂ ತಾಳೆ, ಗೇಟು ಅವನದೇ. ಹಾಕಿದರೆ ಕರೆಮ್ಮನ ನೀರು ಬುಕ್ಕಿನಲ್ಲಿ ಹರಿದು ಮುಗಿದುಹೋಗುತ್ತದೆ. ಅವನು ಪೆನ್ನನ್ನು ಬುಕ್ಕಿನೊಳಗಿಟ್ಟು ನನ್ನ ಕೈಗೆ ಕೊಟ್ಟ. ಅಂಗಿ ಬಿಚ್ಚಿದ. ಧೋತರ, ಬನಿಯನ್ನಿನಲ್ಲೇ ಮೆಟ್ಟಿಲಿಳಿದು ಕಾಲುವೆಯ ನಡುವಿಗೆ ಹೋಗಿ, ಮನೆಯ ಕಟ್ಟೆಯ ಮೇಲೆ ಮಲಗುವ ಹಾಗೆ ಅಂಗಾತ ಮಲಗಿಬಿಟ್ಟ. ಮೂಗು, ಹೊಟ್ಟೆ, ಹೆಬ್ಬೆರಳು ಮೇಲೆ, ಉಳಿದದ್ದು ನೀರೊಳಗೆ.

"ಹರೀತಿದ್ರ ನಾನೂ ಹೋಗ್ತೀನ್ರಿ" ಎಂದ.

ಹೊಟ್ಟು ಅವನ ಎರಡೂ ಬದಿಯಿಂದ ಸರಸರ ದಾಟಿ ಹೋಯಿತು. ಅವನು ಇದ್ದಲ್ಲೇ ಇದ್ದ. ಹಲಗೆಯಲ್ಲಿ ನೋಡಿದರೆ ಎಲ್ಲ ಕಡೆ ಬಾಣ, ನಡುವೆ ಮಾತ್ರ ಮನುಷ್ಯನಷ್ಟು ಉದ್ದದ ಖಾಲಿ ಜಾಗ. ಬಿಳಿ ಬನಿಯನ್ನು, ಬಿಳಿ ಧೋತರ, ಬಿಳಿ ತಲೆ; ಕ್ಯಾಮೆರಾಕ್ಕೆ ಹಿಡಿಯಲು ಒಂದು ಚುಕ್ಕಿಯೂ ಇರಲಿಲ್ಲ.

"ಇದೇನಿದು ತೂತು?" ಸಾಹೇಬರು ಕೇಳಿದರು.

"ಅದು ದ್ಯಾವಪ್ಪ ಕಾಕಾ ಸರ್" ಎಂದಳು ಆಮೀನಾ.

"ಹೊರಗ ಬಾ ಅಂತ ಹೇಳ್ರಿ. ಹರಿಯೋ ನೀರಿಗಿ ಅಡ್ಡ ಆಗ್ಯಾನ."

ಅವನು ಬರಲಿಲ್ಲ. ಐದು ನಿಮಿಷ ಆಯಿತು, ಹತ್ತು ಆಯಿತು. ಕಾಗೆಯೊಂದು ಬಂದು ಅವನ ಹೊಟ್ಟೆಯ ಮೇಲೆ ಕೂರುವುದೋ ಬೇಡವೋ ಎಂದು ಎರಡು ಸುತ್ತು ಹಾಕಿತು. ನಾನು ಆಫೀಸಿನವರನ್ನು ಏನೇನೋ ಅಂದೆ, ಅದನ್ನು ಇಲ್ಲಿ ಬರೆಯಲಾಗದು. ಕಾಲು ಗಂಟೆಯ ಮೇಲೆ ಸಾಹೇಬರ ಡ್ರೈವರು ಖಾಜಾಹುಸೇನ ತಡೆಯಲಾರದೆ ಅಂದ: "ಸಾಹೇಬ್ರ, ಆತ ಮಲಗಿದಲ್ಲೇ ಅದಾನ್ರಿ. ಬೇಕಿದ್ರ ಕೆಳಗ ನೋಡ್ರಿ."

ಸಾಹೇಬರು ಹಲಗೆಯಿಂದ ತಲೆ ಎತ್ತಿ, ಸೇತುವೆಯ ಗೋಡೆಗೆ ಬಗ್ಗಿ ನೀರನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಏನ್ ಬರೀತಿ ಬರಿಯಪ್ಪ" ಎಂದರು.

ಅವನು ಹತ್ತಿ ಬಂದು ಒದ್ದೆ ಕೈಯಿಂದಲೇ ಬರೆದ: "ನೀರು ನಿಂತಿದೆ. ಕರೆಮ್ಮನ ಪಾಳಿ ಮುಗಿದಿಲ್ಲ." ಕೆಳಗೆ ಸಾಹೇಬರೂ ಸಹಿ ಹಾಕಿದರು. ಹಾಕಿ, ಆಫೀಸಿಗೆ ಹೋದವರೇ ಕಾಲುವೆಯಲ್ಲಿ ಈಜಬಾರದೆಂಬ ರೂಲು ತೋರಿಸಿ ದ್ಯಾವಪ್ಪನನ್ನು ಒಂದು ತಿಂಗಳು ಗೇಟಿನಿಂದ ಇಳಿಸಿದರು. ಅದಕ್ಕೆ ಅವನದು ಒಂದೇ ತಕರಾರು: ತಾನು ಈಜಿಲ್ಲ, ಮಲಗಿದ್ದೆ.

ಮೂರನೇ ದಿನ ನೀರು ಬಿಟ್ಟರು. ಮಧ್ಯಾಹ್ನ ಅದು ಕರೆಮ್ಮನ ಹೊಲ ಮುಟ್ಟುವಾಗ ನಾನೂ ದ್ಯಾವಪ್ಪನೂ ಬದುವಿನ ಮೇಲೆ ಕೂತಿದ್ದೆವು. ಬಿರುಕುಗಳು ಗುಟುಕು ಗುಟುಕಾಗಿ ಕುಡಿಯುತ್ತಿದ್ದವು.

"ಬರ್ಕೊಳ್ಳೋ ನಿನ್ನ ಬುಕ್ಕಿನ್ಯಾಗ" ಎಂದಳು ಕರೆಮ್ಮ.

"ಬುಕ್ಕು ಕಸಗೊಂಡಾರಬೇ."

"ಹಂಗಾದ್ರ ಸುಮ್ನ ಕೂತು ನೋಡು."