ಅತ್ತೆಯ ನೋಟ್‌ಬುಕ್ಕಿನಲ್ಲಿ ಲಿನಕ್ಸ್

ನನ್ನ ಅತ್ತೆ ಕಲಬುರಗಿ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ಮಕ್ಕಳಿಗಾಗಿ ರೇಖಾಗಣಿತದ ಪುಸ್ತಕ ಶುರುಮಾಡಿದರು. ಐದು ವರ್ಷ ಕೂತು ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳೇ ಅದರ ಜೀವ. ನಾನು ಮೈಸೂರಿನವಳು, ಹೆಸರಿಗೆ ಸಾಫ್ಟ್‌ವೇರ್ ಕೆಲಸ, ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಅವರು ಏನೋ ಕೇಳಿದಾಗ "ಅಯ್ಯೋ, ನಿಮಗೆ ಇದೆಲ್ಲ ತಲೆಗೆ ಹೋಗಲ್ಲ ಬಿಡಿ ಅತ್ತೆ" ಎಂದುಬಿಟ್ಟೆ. "ಇರ್ಲಿ ಬಿಡವಾ" ಎಂದು ಎದ್ದುಹೋದವರು ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ಹಳೆಯ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟು ಹೊಸದು ತಂದಾಗ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಅದಕ್ಕೆ ತಾವೇ ಹಾಕುವುದಾಗಿ ಹಟ ಹಿಡಿದರು. "ಒಳಗ ಹ್ಯಾಂಗ ಬರದಾರ ಅಂತ ಯಾರ್ ಬೇಕಾದ್ರೂ ನೋಡಬಹುದಂತ. ಗಣಿತ ಕಲಿಸಿದಾಕಿಗೆ ಇನ್ನೇನ್ ಬೇಕು?"

ಭಾನುವಾರ ಬೆಳಿಗ್ಗೆ ನೋಟ್‌ಬುಕ್ ತೆರೆದು ಹಾಳೆಯ ನಡುವೆ ಗೆರೆ ಎಳೆದರು. ಪ್ರಮೇಯ ಸಾಧಿಸುವಾಗ ಶಾಲೆಯಲ್ಲಿ ಬರೆಯುತ್ತಿದ್ದೆವಲ್ಲ, ಹಾಗೆ ಎಡಕ್ಕೆ 'ಹೇಳಿಕೆ', ಬಲಕ್ಕೆ 'ಕಾರಣ'. ಒಂದೊಂದು ಹೆಜ್ಜೆಗೂ ಎರಡನ್ನೂ ಬರೆದೇ ಮುಂದಿನದು. ನನಗೆ ನಗು ತಡೆಯಲಾಗಲಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಆಗಿ, ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಕೇಳಿತು.

"ಹೊಸಾ ಲ್ಯಾಪ್‌ಟಾಪ್, ಒಳಗೆ ಏನಿರುತ್ತೆ? ಹೂಂ ಅನ್ನಿ ಅತ್ತೆ," ಈರುಳ್ಳಿ ಹೆಚ್ಚುತ್ತಲೇ ಕೂಗಿದೆ.

"ತಡಿ. ಯಾಕ ಅಳಸಬೇಕು ಅನ್ನೂದಕ್ಕ ಕಾರಣ ಬರದಿಲ್ಲ ಇನ್ನಾ."

ಹಿಂದಕ್ಕೆ ಹೋಗಿ ಡಿಸ್ಕನ್ನು ತೆರೆದರು. ಅಲ್ಲಿ ಅವರ ಐದು ವರ್ಷದ ಚಿತ್ರಗಳು! ಅವು ಕಪಾಟಿನಲ್ಲಿಟ್ಟ ಇನ್ನೊಂದು ಪೆನ್‌ಡ್ರೈವಿನಲ್ಲಿವೆ ಎಂದೇ ನಾವು ತಿಳಿದಿದ್ದೆವು. ಅದನ್ನು ಹಾಕಿ ನೋಡಿದರೆ ಖಾಲಿ. ಊರಿನ ಆಚೆ ತುದಿಯ ತಾರ್ನಾಕಕ್ಕೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದೆ. "ಅಯ್ಯ, ಹೇಳೂದ ಮರ್ತೆ. ಎಲ್ಲಾ ಪೆನ್‌ಡ್ರೈವಿಂದ ತಗದು ಹೊಸಾದ್ರಾಗ ಹಾಕೀನಲ್ಲ!" ಹಳೆಯದನ್ನು ಅಂಗಡಿಯವರು ಆಗಲೇ ಅಳಿಸಿದ್ದರು.

ಅತ್ತೆ ಬೈಯಲಿಲ್ಲ. ಚಿತ್ರಗಳನ್ನು ಖಾಲಿ ಪೆನ್‌ಡ್ರೈವಿಗೆ ತುಂಬಿಸಿ, ತೆರೆದು ನೋಡಿ, ಕಾರಣ ಬರೆದು, ಆಮೇಲೆ 'ಅಳಿಸು' ಒತ್ತಿದರು. ಊಟದ ಹೊತ್ತಿಗೆ ಲಿನಕ್ಸ್ ಕೂತಿತ್ತು. ಎಂಥಾ ತಾಳ್ಮೆ ಆ ಹೆಂಗಸಿನದು! ಆಫೀಸಿನವರು ಸಿದ್ಧಮಾಡಿ ಕೊಟ್ಟದ್ದನ್ನು ಬಳಸಿದ್ದು ಬಿಟ್ಟರೆ, ನಾನು ಜನ್ಮದಲ್ಲಿ ಇದನ್ನು ಮಾಡಿದವಳಲ್ಲ.

ಅವರು ಕೈ ತೊಳೆಯಲು ಹೋದಾಗ ನೋಟ್‌ಬುಕ್ಕಿನ ಮೊದಲ ಸಾಲು ಓದಿದೆ. ಎಡಕ್ಕೆ: 'ಇದನ್ನು ನಾನೇ ಮಾಡಬೇಕು.' ಬಲಕ್ಕೆ: 'ಸೊಸೆಗೆ ಪುರುಸೊತ್ತಿಲ್ಲ, ಪಾಪ.' ನಾನು ಅಂದ ಮಾತು ಅಲ್ಲಿರಲಿಲ್ಲ. ಅಳು ಬಂತು. ಅವರು ಮರಳಿ ಬಂದಾಗ ಆ ಸಾಲಿನ ಮೇಲೆ ಬೆರಳಿಟ್ಟೆ.

"ಈ ಕಾರಣ ಸುಳ್ಳು ಅತ್ತೆ. ತಪ್ಪಾಯ್ತು."

ಅವರು ಪೆನ್ನು ನನ್ನ ಕಡೆ ಚಾಚಿದರು. "ಹಂಗಾರ ಖರೇದ್ದು ಬರಿ."

ಅದನ್ನು ಹೊಡೆದುಹಾಕಿ 'ಸೊಸೆಯ ಬಾಯಿ ಕೆಟ್ಟದ್ದು' ಎಂದು ಬರೆದೆ. ಅತ್ತೆ ಕನ್ನಡಕ ಏರಿಸಿ ಓದಿದರು, ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದರು. ಆಮೇಲೆ, ಪ್ರಿಂಟರ್ ಹೇಗೆ ಜೋಡಿಸುವುದೆಂದು ನನ್ನನ್ನೇ ಕೇಳಿದರು.